ವಿಭೂತಿಯ ಕೆಳಗಿನ ತುಕ್ಕು

ಹಳೆಯ ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚಿಕ್ಕಬೀರಪ್ಪ ಇನ್ನೊಂದು ಉದ್ದ ಪಟ್ಟಿ ಹರಿಯುತ್ತಾರೆ. ಅದನ್ನು ಮಡಿಚಿ, ಹೆಬ್ಬೆರಳಗಲಕ್ಕೆ ಕತ್ತರಿಸಿ, ಚೌಕದ ಮೇಲೆ ಚೌಕ ಪೇರಿಸುತ್ತಾರೆ. ಬೀರೂರಿನ ಗೂಡ್ಸ್ ಶೆಡ್ಡಿನ ಹಿಂದಿರುವ ಅವರ ಮನೆಯಂಗಳದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಎಲ್ಲೋ ಒಂದು ಎಂಜಿನ್ನು ಖಾಲಿ ಡಬ್ಬಿಗಳನ್ನು ಗುದ್ದಿಸಿ ಸುಮ್ಮನಾಗಿದೆ. ಅವರಿಗೆ ಅರವತ್ತೊಂದು ವಯಸ್ಸು, ಕನ್ನಡಕದ ಒಂದು ಕಡ್ಡಿ ಹೋಗಿ ಅಲ್ಲಿ ದಾರ ಬಂದಿದೆ. ಚೌಕಗಳು ಮಾತ್ರ ಅಳೆದು ಕೊಯ್ದಂತೆ ಒಂದೇ ಸಮ.

"ಗಂಜಿ ಹಾಕಿದ ಬಟ್ಟೆ ಆಗಲ್ಲ, ಹೊಸಾ ಬಟ್ಟೆನೂ ಆಗಲ್ಲ. ಒಗೆದು ಒಗೆದು ಮೆತ್ತಗಾಗಿರ್ಬೇಕು. ಉಕ್ಕು ನೋಡೋಕೆ ಗಟ್ಟಿ ಅಷ್ಟೇ ಕಣ್ರೀ, ಕೂಸಿನ ಮೈ ಇದ್ದಂಗೆ ಅದು" ಎನ್ನುತ್ತಾರೆ.

ಒಲೆಯ ಮುಂದಿನಿಂದ ಹೆಂಡತಿ ದುರ್ಗಮ್ಮನ ಮಾತು ತೂರಿ ಬರುತ್ತದೆ. "ಊರೋರ ಕೋವಿ ಬಾಯಿ ಒರೆಸಿ ಒರೆಸಿ ನಮ್ಮನೇಲಿ ಉಡೋಕೆ ಪಂಚೆ ಉಳೀಲಿಲ್ಲ. ನನ್ನ ಸೀರೆಗೇನಾರ ಕೈ ಹಾಕಿದ್ರೆ ನೋಡಿ ಮತ್ತೆ."

"ನಿನ್ನ ಸೀರೆ ನುಣುಪು ಕಣೇ. ನಳಿಗೇಲಿ ಜಾರುತ್ತೆ, ಕೊಳೆ ಹಿಡಿಯಲ್ಲ."

"ಓ, ಹಂಗಾದ್ರೆ ನೋಡಿಯಾಗೈತೆ ಅನ್ನಿ."

ಚಿಕ್ಕಬೀರಪ್ಪ ತಲೆ ಬಗ್ಗಿಸಿ ಕತ್ತರಿ ಆಡಿಸುತ್ತಾರೆ. ದಿನಕ್ಕೆ ಇಂಥ ಅರವತ್ತು ಚೌಕ ಬೇಕು. ಒಂದು ರಿವಾಲ್ವರಿಗೆ ಹನ್ನೆರಡರಿಂದ ಹದಿನೈದು, ಕೋವಿಯಾದರೆ ಇಪ್ಪತ್ತು.

ಬೀರೂರಿನ ಪೇಟೆಯಲ್ಲಿ ಗಂಗಾಧರಯ್ಯನವರದೊಂದು ಆಯುಧ ರಿಪೇರಿಯ ಅಂಗಡಿ. ಲೈಸೆನ್ಸು ಗಂಗಾಧರಯ್ಯನವರ ಹೆಸರಲ್ಲಿದೆ, ಬೋರ್ಡಿನ ಮೇಲೂ ಅವರದೇ ಹೆಸರು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಲೈಸೆನ್ಸುದಾರರ ಮನೆ ಮನೆಗೆ ಹೋಗಿ, ಜಗಲಿಯ ಮೇಲೆ ಚಾಪೆ ಹಾಸಿ, ಆಯುಧ ಬಿಚ್ಚಿ ಒರೆಸಿ ಎಣ್ಣೆ ಕಾಣಿಸುವವರು ಚಿಕ್ಕಬೀರಪ್ಪ. ಈ ಎಂಬತ್ತೈದನೇ ಇಸವಿಗೆ ಆ ಕೆಲಸಕ್ಕೆ ಮೂವತ್ತೆಂಟು ವರ್ಷ. ಒಟ್ಟು ಐವತ್ತಮೂರು ಆಯುಧ ಅವರ ಕೈಯಲ್ಲಿ ಹಾದು ಹೋಗುತ್ತವೆ. ಬಹುಪಾಲು ಹಂದಿಯಿಂದ ಬೆಳೆ ಕಾಯುವ ಕೋವಿಗಳು. ಮಂಡಿ ವ್ಯಾಪಾರಸ್ಥರ ಮನೆಗಳಲ್ಲಿರುವ ರಿವಾಲ್ವರುಗಳು ಹನ್ನೊಂದು. ಎದೆ ಮುಟ್ಟಿಕೊಂಡು ಹೇಳುವುದಾದರೆ ಇವುಗಳಲ್ಲಿ ಹತ್ತು ಕೊಂಡ ದಿನದಂತೆಯೇ ಇವೆ.

ಹನ್ನೊಂದನೆಯದರ ವಿಷಯವನ್ನು ಅವರು ಕೇಳುವ ಮೊದಲೇ ಹೇಳುತ್ತಾರೆ. "ನನ್ನ ಕೈಲಿ ಒಂದು ಆಯುಧ ಕೆಟ್ಟೈತೆ. ಆ ತಪ್ಪನ್ನ ಬೇರೆಯವನ ತಲೆ ಮೇಲೆ ಕೂರೋಕೆ ಬಿಟ್ಟು ಸುಮ್ಕಿದ್ದೆ. ಅದರಿಂದ ಒಬ್ಬ ಹೆಣ್ಣುಮಗಳಿಗೆ ತವರು ತಪ್ಪೋಯ್ತು. ಎಂಟು ವರ್ಷದಿಂದ ಆ ಮನೆಗೆ ಒಂದು ಕಾಗದ ಬರೀಬೇಕು ಅಂತಿದೀನಿ. ನನ್ನ ಬಗ್ಗೆ ಪೇಪರಲ್ಲಿ ಹಾಕೋದಾದ್ರೆ ಅದನ್ನೂ ಹಾಕಿ. ಇಲ್ದಿದ್ರೆ ಯಾವುದೂ ಬ್ಯಾಡ."

ಈಗ ಭಾದ್ರಪದ, ಅವರಿಗೆ ಬಿಡುವಿಲ್ಲದ ತಿಂಗಳು. ಆಯುಧಪೂಜೆ ಹತ್ತಿರ ಬಂತೆಂದರೆ ವರ್ಷವೆಲ್ಲ ಬೀರುವಿನಲ್ಲಿದ್ದ ಆಯುಧಗಳು ಹೊರಗೆ ಬರುತ್ತವೆ. ಬೆಳಗಿನ ರೈಲಿಗೆ ಅವರು ತರೀಕೆರೆಗೆ ಹೋಗುತ್ತಾರೆ. ಅಕ್ಕಿ ಗಿರಣಿಯ ಷಡಕ್ಷರಿಯವರ ಜಗಲಿಯಲ್ಲಿ ಚಾಪೆ ಹಾಸಿದೆ. ಆಯುಧ ಯಜಮಾನನ ಕಣ್ಣೆದುರಿನಿಂದ ಆಚೆ ಹೋಗಬಾರದು ಎನ್ನುವುದು ಚಿಕ್ಕಬೀರಪ್ಪನವರ ಕಟ್ಟಳೆ. ಮನೆಯಾತ ಎದುರಿಗೆ ಕೂರದೆ ಅವರು ಚೀಲವನ್ನೇ ಬಿಚ್ಚುವುದಿಲ್ಲ.

ಷಡಕ್ಷರಿಯವರು ಒಳಗಿನಿಂದ ರಿವಾಲ್ವರ್ ತಂದವರೇ ಆರು ಗುಂಡು ಕೂರುವ ಉರುಳೆಯನ್ನು ಪಕ್ಕಕ್ಕೆ ಬಿಡಿಸಿ, ಖಾಲಿ ಇದೆ ಎಂದು ತೋರಿಸಿ, ಮಣಿಕಟ್ಟನ್ನು ಒಮ್ಮೆ ಒದರಿ ಪಟಾರನೆ ಮುಚ್ಚಿಬಿಡುತ್ತಾರೆ. ಚಿಕ್ಕಬೀರಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಏನ್ ಬೀರಪ್ಪಾ, ಹೆದರಿಬಿಟ್ಟೆಯಾ?"

"ನಂಗೇನು ಹೆದರಿಕೆ. ಅದಕ್ಕೆ ನೋವಾಯ್ತು. ನೀವು ತರೀಕೆರೆ ಟಾಕೀಸಿಗೆ ಹೋಗೋದು ಯಾವಾಗ ಬಿಡ್ತೀರೋ ಆವಾಗ ಈ ಉರುಳೆ ನೆಟ್ಟಗಾಗುತ್ತೆ ಯಜಮಾನ್ರೇ."

"ಲೇ, ಈ ವರ್ಷ ಎರಡೇ ಸಿನಿಮಾ ಕಣೋ ನೋಡಿರೋದು."

"ಎರಡರಲ್ಲೂ ಹಿಂಗೇ ಮುಚ್ಚಿರ್ತಾರೆ. ಅವರದು ಮರದ ರಿವಾಲ್ವರ್, ನಿಮ್ಮದು ದುಡ್ಡು ಕೊಟ್ಟಿದ್ದು."

ಹೇಳುತ್ತಲೇ ಅವರು ಆಯುಧವನ್ನು ಇಸಿದುಕೊಂಡು ತಾವೂ ಒಮ್ಮೆ ಬಿಡಿಸಿ, ಆರು ತೂತುಗಳಿಗೂ ಕಿರುಬೆರಳು ತಾಗಿಸಿ ಎಣಿಸುತ್ತಾರೆ. ಯಜಮಾನ ಈಗಷ್ಟೇ ತೋರಿಸಿದ್ದಾರೆ, ನಿಜ. ಆದರೂ ತಮ್ಮ ಬೆರಳು ಮುಟ್ಟದೆ ಖಾಲಿ ಎನ್ನುವ ಮಾತನ್ನು ಅವರು ಒಪ್ಪುವುದಿಲ್ಲ. ಉರುಳೆಯನ್ನು ಹಿಡಿದಿರುವ ಸಣ್ಣ ತೋಳು ಕೂದಲೆಳೆಯಷ್ಟು ಬಾಗಿದರೂ ತೂತು ಮತ್ತು ನಳಿಗೆ ಒಂದೇ ಸಾಲಿಗೆ ಬರುವುದಿಲ್ಲ. ಅದಕ್ಕೇ ಎರಡೂ ಕೈ ಬಳಸಿ, ಹೆಬ್ಬೆರಳಿನಿಂದ ಒತ್ತಿ, ಕ್ಲಿಕ್ಕೆನ್ನುವ ತನಕ ಮೆಲ್ಲಗೆ ಮುಚ್ಚಬೇಕು. "ತೊಟ್ಟಿಲಲ್ಲಿ ಮಗು ಮಲಗಿಸಿ ಬಾಗಿಲು ಹಾಕ್ಕೊಂಡು ಬತ್ತೀವಲ್ಲ, ಹಂಗೆ."

ನಳಿಗೆಗೆ ಕಡ್ಡಿ ತೂರಿಸುವಾಗ ಬಾಯಿಯ ಅಂಚಿಗೆ ಅದು ತಾಕದಂತೆ ಬೆರಳನ್ನೇ ಅಡ್ಡ ಹಿಡಿಯುತ್ತಾರೆ. ಮೊದಲ ಚೌಕ ಕಪ್ಪಗೆ ಹೊರಬರುತ್ತದೆ, ಏಳನೆಯದು ಬೂದು, ಹನ್ನೊಂದನೆಯದು ಹೇಗೆ ಹೋಯಿತೋ ಹಾಗೇ ಬರುತ್ತದೆ. ಆಮೇಲೆ ಒಂದು ತೊಟ್ಟು ಎಣ್ಣೆ, ಅದನ್ನೂ ಮತ್ತೆ ಒರೆಸಿ ತೆಗೆದು ಉಳಿದ ಜಿಡ್ಡಷ್ಟೇ. ಷಡಕ್ಷರಿಯವರು ಗುಂಡುಗಳಿಗೂ ಒಂದು ಕೈ ಎಣ್ಣೆ ಹಚ್ಚು ಎನ್ನುತ್ತಾರೆ. ಗುಂಡಿಗೆ ಎಣ್ಣೆ ಇಳಿದರೆ ಬೇಕಾದ ಹೊತ್ತಿಗೆ ಅದು ಸಿಡಿಯುವುದಿಲ್ಲ ಎಂದು ಇವರು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾರೆ.

ಸೊಂಟದ ಚರ್ಮದ ಚೀಲ ಕಂಡರಂತೂ ಅವರಿಗೆ ಆಗುವುದಿಲ್ಲ. ತೊಗಲು ಹದ ಮಾಡಿದ ಉಪ್ಪು, ಮೈಯ ಬೆವರು ಎರಡೂ ಅದರಲ್ಲಿರುತ್ತವೆ. "ಅದು ಹೊತ್ಕೊಂಡು ಹೋಗೋಕೆ, ಮಲಗಿಸೋಕಲ್ಲ" ಎನ್ನುತ್ತಾರೆ. ಈ ಸೀಮೆಯ ದೊಡ್ಡ ಕಾಟ ಕೊಬ್ಬರಿ ಎಣ್ಣೆ. ತೆಂಗು ಬೆಳೆಯುವ ಊರು, ತಲೆಗೂ ಅದೇ, ಬಾಗಿಲ ಅಗಳಿಗೂ ಅದೇ. ರಿವಾಲ್ವರಿಗೆ ಹಚ್ಚಿದರೆ ನಾಲ್ಕು ತಿಂಗಳಲ್ಲಿ ಅಂಟಾಗಿ, ಚಳಿಗಾಲಕ್ಕೆ ಮೇಣದಂತೆ ಕೂರುತ್ತದೆ.

ಈ ವಿದ್ಯೆ ಅವರಿಗೆ ಬಂದದ್ದು ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನಲ್ಲಿ. ಅಪ್ಪ ಅಮೃತಮಹಲ್ ದನ ಕಾಯುತ್ತಿದ್ದವರು. ಕರು ಹಿಡಿಯಲು ಬರುವ ಕಿರುಬವನ್ನು ಬೆದರಿಸಲು ಒಂದು ಮದ್ದಿನ ಕೋವಿ ಇತ್ತು. ಮದ್ದು ಸುಟ್ಟ ನಳಿಗೆಯನ್ನು ಅಂದೇ ಬಿಸಿನೀರಲ್ಲಿ ತೊಳೆದು, ಕೆಂಡದ ಮುಂದೆ ಒಣಗಿಸದಿದ್ದರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಕೆಂಪು. ಆ ಕೆಲಸ ಹಿರಿಮಗನಾದ ಇವರದು. ಒಮ್ಮೆ ಕೋವಿ ರಿಪೇರಿಗೆಂದು ಬೀರೂರಿಗೆ ಹೋದಾಗ ಗಂಗಾಧರಯ್ಯನವರ ತಂದೆ ನಳಿಗೆಯೊಳಗೆ ಇಣುಕಿ, "ಇದನ್ನ ಒರೆಸೋನು ಯಾರೋ? ಅವನನ್ನ ಇಲ್ಲಿ ಬಿಟ್ಟು ಹೋಗು" ಎಂದರಂತೆ. ಬಿಟ್ಟು ಹೋದದ್ದು ಬಿಟ್ಟೇ ಹೋಯಿತು. ನಾಲ್ಕನೇ ತರಗತಿಯ ತನಕ ಕಲಿತ ಅಕ್ಷರ, ಕಾವಲಿನಲ್ಲಿ ಕಲಿತ ಕೈಗೆಲಸ, ಇವೆರಡೇ ಅವರ ಆಸ್ತಿ.

ಆ ಹನ್ನೊಂದನೆಯ ರಿವಾಲ್ವರ್ ಅಜ್ಜಂಪುರದ ಸೋಮಶೇಖರಪ್ಪನವರದು. ತೆಂಗಿನಕಾಯಿ, ಈರುಳ್ಳಿ ಮಂಡಿಯ ದೊಡ್ಡ ಮನೆ. ಎಪ್ಪತ್ತಾರರಲ್ಲಿ ಸೋಮಶೇಖರಪ್ಪನವರ ತಂದೆ ತೀರಿಕೊಂಡು ಲೈಸೆನ್ಸು ಮಗನ ಹೆಸರಿಗೆ ಬಂತು. ಯಜಮಾನರ ಪರವಾಗಿ ಆಯುಧ ಒಯ್ಯಲು ಅನುಮತಿಯಿದ್ದ ಎರಡನೆಯ ಹೆಸರು ತಂಗಿ ತೀರ್ಥಮ್ಮನ ಮಗ ಬಸವರಾಜನದು. ಹುಡುಗ ಮಾವನ ಮನೆಯಲ್ಲೇ ಬೆಳೆದವನು, ಮಂಡಿಯ ಲೇವಾದೇವಿಯೆಲ್ಲ ಅವನ ಕೈಯಲ್ಲಿ.

ಆ ವರ್ಷದ ಆಯುಧಪೂಜೆಗೆ ಮುಂಚೆ ಚಿಕ್ಕಬೀರಪ್ಪ ರಿವಾಲ್ವರ್ ಒರೆಸಿ ಮುಗಿಸುವಾಗ ಸೋಮಶೇಖರಪ್ಪನವರ ತಾಯಿ ಗುರುಶಾಂತಮ್ಮ ಬಾಗಿಲಿಗೆ ಬಂದು ನಿಂತರು. ಪ್ರತಿವರ್ಷ ಪೂಜೆ ಮುಗಿದ ಮಾರನೆಯ ದಿನ ವಿಭೂತಿ, ಕುಂಕುಮ ಒರೆಸಿ ಇಡುವುದು ಆ ಮನೆಯಲ್ಲಿ ರೂಢಿ. ಈ ಸಲ ಅವರ ಮನಸ್ಸಿನಲ್ಲಿ ಬೇರೆ ಇತ್ತು.

"ಅವರ ಕೈಯಲ್ಲಿದ್ದ ಆಯುಧ. ಈ ಒಂದು ವರ್ಷ ಹಚ್ಚಿದ ವಿಭೂತಿ ಅಳಿಸದೇ ಇಡಬೇಕು ಅಂತ ನನಗೆ ಆಸೆ. ಕೆಡುತ್ತೇನಪ್ಪಾ ಬೀರಪ್ಪಾ?"

ಕೆಡುತ್ತದೆ ಎಂದು ಅವರಿಗೆ ಗೊತ್ತಿತ್ತು. ನೀರಲ್ಲಿ ಕಲಸಿದ ವಿಭೂತಿ ತೇವ ಹೀರಿಕೊಂಡು ಕೂರುತ್ತದೆ, ಮೇಲೆ ಗಂಧ, ಕುಂಕುಮ, ಪ್ರೋಕ್ಷಣೆ ಮಾಡಿದ ಎಳನೀರು. "ಗಂಡ ಹೋಗಿ ಮೂರು ತಿಂಗಳಾಗಿತ್ತು ಆ ತಾಯಿಗೆ. ಮುಖ ನೋಡಿದೆ. ಬ್ಯಾಡ ಅನ್ನೋಕೆ ಬಾಯಿ ಬರ್ಲಿಲ್ಲ. ಕೆಡಲ್ಲ ತಾಯಿ, ಹಚ್ಚಿ ಅಂದ್ಬಿಟ್ಟೆ." ಎನ್ನುತ್ತಾರೆ ಚಿಕ್ಕಬೀರಪ್ಪ.

ಮರುವರ್ಷ ಬಂದು ರಿವಾಲ್ವರಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಎಲ್ಲವೂ ಕೆಂಪಗಿತ್ತು. ಕುಂಕುಮ ಯಾವುದು, ತುಕ್ಕು ಯಾವುದು ಗೊತ್ತಾಗುವಂತಿರಲಿಲ್ಲ. ಒರೆಸಿದ ಮೇಲೆ ನಳಿಗೆಯ ಮೈಮೇಲೆ ಮೂರು ಬೆರಳು ಎಳೆದ ಹಾಗೆ ಮೂರು ಗೆರೆ ಉಕ್ಕನ್ನು ತಿಂದು ಕೂತಿದ್ದವು. ಉರುಳೆ ಹಿಡಿದುಕೊಂಡಿತ್ತು, ಸುತ್ತಲಿಲ್ಲ. ಗೆರೆಗಳು ಇನ್ನೂ ಸೋಮಶೇಖರಪ್ಪನವರ ಕಣ್ಣಿಗೆ ಬಿದ್ದಿರಲಿಲ್ಲ, ಲೈಸೆನ್ಸು ಪುಸ್ತಕ ತರಲು ಅವರು ಒಳಗೆ ಹೋದದ್ದು ನಾಲ್ಕು ನಿಮಿಷ. ಯಜಮಾನ ಎದುರಿಗಿಲ್ಲದೆ ಆಯುಧ ಮುಟ್ಟದವರು ಆ ನಾಲ್ಕು ನಿಮಿಷದಲ್ಲಿ ಚೀಲದಿಂದ ಮರಳು ಕಾಗದ ತೆಗೆದು ಆ ಮೂರು ಗೆರೆಗಳನ್ನು ಉಜ್ಜಿ ಒಂದು ಮಾಡಿಬಿಟ್ಟರು. ಮೆರುಗೂ ಹೋಯಿತು, ವಿಭೂತಿಯ ಗುರುತೂ ಹೋಯಿತು. ಮರಳು ಕಾಗದ ಮುಟ್ಟಿಸಬೇಡಿ ಎಂದು ಐವತ್ತಮೂರು ಮನೆಗೆ ಹೇಳುತ್ತ ಬಂದ ಕೈ ಅದು.

ಹೊರಗೆ ಬಂದ ಸೋಮಶೇಖರಪ್ಪ ಕೇಳಿದ್ದು ಒಂದೇ ಮಾತು. "ನೀರು ಬಿದ್ದಿದೆಯಾ?"

"ಬಿದ್ದೈತೆ" ಎಂದರು ಇವರು. ಸುಳ್ಳಲ್ಲ, ವಿಭೂತಿ ಕಲಸಿದ್ದೂ ನೀರಲ್ಲೇ. ಆದರೆ ಆಷಾಢದಲ್ಲಿ ಬಸವರಾಜ ಮಂಡಿಯ ಹಣ ತರುವಾಗ, ಸುತ್ತಿದ ಬಟ್ಟೆ ಬಿಚ್ಚದೆ ಮೇಲೊಂದು ಎಣ್ಣೆಬಟ್ಟೆ ಹಾಕಿ ಆಯುಧ ಇಟ್ಟುಕೊಂಡೇ ಶಿವನಿಯ ಹತ್ತಿರ ಮಳೆಗೆ ಸಿಕ್ಕಿದ್ದ, ಅದು ಇಡೀ ಮನೆಗೆ ಗೊತ್ತಿತ್ತು. ಎಲ್ಲರೂ ಅವನ ಕಡೆ ತಿರುಗಿದರು, ಕೆಡಲ್ಲ ಎಂಬ ಬೀರಪ್ಪನ ಮಾತು ನಂಬಿದ್ದ ಗುರುಶಾಂತಮ್ಮನೂ. ಅವನೂ ತಲೆ ತಗ್ಗಿಸಿದ. ಮಳೆ ನೀರಾಗಿದ್ದರೆ ನಳಿಗೆಯ ಒಳಕ್ಕೆ, ಹಿಡಿಯ ಕೆಳಕ್ಕೆ ಇಳಿದಿರಬೇಕಿತ್ತು. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ನೋಡಿದ್ದು, ನೋಡಿ ತಿಳಿದದ್ದು ಆ ಜಗಲಿಯಲ್ಲಿ ಒಬ್ಬರೇ.

"ಅಪ್ಪನ ಆಯುಧಾನ ಮಳೇಲಿ ನೆನೆಸೋನು ನಾಳೆ ಮನೇನೂ ನೆನೆಸ್ತಾನೆ" ಎಂದರು ಸೋಮಶೇಖರಪ್ಪ, ಆಳುಕಾಳುಗಳ ಮುಂದೆಯೇ. ಬಸವರಾಜನ ಹೆಸರು ಲೈಸೆನ್ಸಿನಿಂದ ಹೋಯಿತು, ಮಂಡಿಯ ಬೀಗದ ಕೈ ಹೋಯಿತು. ಅವನು ಪಂಚನಹಳ್ಳಿಗೆ ಅಪ್ಪನ ಜಮೀನಿಗೆ ಮರಳಿದ. ಮಗನನ್ನು ಹಾಗೆ ಕಳಿಸಿದ ಮನೆಗೆ ತೀರ್ಥಮ್ಮ ಮತ್ತೆ ಕಾಲಿಡಲಿಲ್ಲ. ಹೋದ ಕಾರ್ತಿಕದಲ್ಲಿ ಗುರುಶಾಂತಮ್ಮ ತೀರಿಕೊಂಡಾಗ ಬಂದು, ಅಂಗಳದಲ್ಲೇ ನಿಂತು ತಾಯಿಯ ಮುಖ ನೋಡಿ, ಹನಿ ನೀರು ಮುಟ್ಟದೆ ಹಿಂದಿರುಗಿದರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ ಅವರ ಬಳಿ ಎರಡು ಉತ್ತರಗಳಿವೆ. "ಆ ತಾಯಿ ಬದುಕಿರೋ ತನಕ, ನಿಮ್ಮ ಪೂಜೆಯಿಂದಲೇ ನಿಮ್ಮ ಯಜಮಾನರ ಆಯುಧ ಹಾಳಾಯ್ತು ಅಂತ ಹೆಂಗೆ ಹೇಳ್ಲಿ ಅಂತಿದ್ದೆ. ಅವರು ಹೋಗಿ ಹತ್ತು ತಿಂಗಳಾಯ್ತಲ್ಲ, ಈಗೇನು? ಈಗ ಉಳಿದಿರೋದು ನನ್ನ ಹೆಸರಿನ ಭಯ ಅಷ್ಟೇ. ಬೀರಪ್ಪ ಮುಟ್ಟಿದ್ರೆ ಕೆಡಲ್ಲ ಅಂತಾರಲ್ಲ ಜನ, ಅದು."

ಆಗಿನಿಂದ ಎರಡು ತಿಂಗಳಿಗೊಮ್ಮೆ ಅವರು ಅಜ್ಜಂಪುರದ ಆ ಜಗಲಿಯಲ್ಲಿ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಅದೇ ರಿವಾಲ್ವರಿಗೆ ಎಣ್ಣೆ ಕಾಣಿಸುತ್ತಾರೆ. ಒಂದು ಸಲ ಬಸವರಾಜನ ಹೆಸರೆತ್ತಿದ್ದಕ್ಕೆ ಯಜಮಾನರು, "ಆ ಮಾತು ಬಿಟ್ಟು ಬೇರೆ ಏನಾದ್ರೂ ಹೇಳಪ್ಪ" ಎಂದರು. ಬಾಯಿ ಕಟ್ಟಲು ಅಷ್ಟೇ ಸಾಕಾಯಿತು. ಪಂಚನಹಳ್ಳಿಗೂ ಹೋಗುತ್ತಾರೆ, ಅಲ್ಲಿ ಎರಡು ಕೋವಿಗಳಿವೆ. ಬಸ್ಸಿಳಿದು ಬರುವಾಗ ತೀರ್ಥಮ್ಮ ಕಾದಿದ್ದವರಂತೆ ಕರೆದು ಮಜ್ಜಿಗೆ ಕೊಡುತ್ತಾರೆ.

ಹೋದ ವಾರವೂ ಕರೆದರು.

"ಅಜ್ಜಂಪುರದ ಕಡೆ ಹೋಗಿದ್ರಾ ಬೀರಪ್ಪ?"

"ಹೋಗಿದ್ದೆ ತಾಯಿ."

"ಅಣ್ಣನ ಮಂಡಿನೋವು ಹೆಂಗೈತೆ?"

"ಹಂಗೇ ಐತೆ. ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ."

"ಚಿಕ್ಕಂದಿನಿಂದ್ಲೂ ಹಂಗೇ ಅವನು, ಎದ್ರೆ ಕೂರ್ತಿರಲಿಲ್ಲ." ನಕ್ಕು, ಸೆರಗಿನಲ್ಲಿ ಲೋಟದ ತಳ ಒರೆಸುತ್ತ ತೀರ್ಥಮ್ಮ ಮತ್ತೆ ಕೇಳಿದರು. "ಕಾರ್ತಿಕಕ್ಕೆ ಅವ್ವನ ವರ್ಷದ ಗಣಾರಾಧನೆ. ಯಾರ್ಯಾರಿಗೆ ಹೇಳ್ತಾರಂತೆ? ಏನಾರ ಕಿವಿಗೆ ಬಿತ್ತಾ?"

ಬಿದ್ದಿರಲಿಲ್ಲ. ಅಷ್ಟರಲ್ಲಿ ಬಸವರಾಜ ಪಂಪ್‌ಸೆಟ್ಟಿನ ಕಡೆಯಿಂದ ಕೈ ತೊಳೆದುಕೊಂಡು ಬಂದ. ಈಗ ಮೂವತ್ತೆರಡರ ಗಂಡಸು. ಅವನು ಕೇಳುವುದೂ ಪ್ರತಿ ಸಲ ಒಂದೇ.

"ಮಾವನ ರಿವಾಲ್ವರ್ ಈಗ ಸುತ್ತುತ್ತಾ ಬೀರಪ್ಪಣ್ಣ?"

"ಸುತ್ತುತ್ತೆ."

"ಮೇಲಿನ ಮಚ್ಚೆ?"

"ಅದು ಹೋಗಲ್ಲ."

"ನಾನೇ ಇನ್ನೊಂದು ಸುತ್ತು ಎಣ್ಣೆಬಟ್ಟೆ ಹಾಕ್ಬೇಕಿತ್ತು ಬಿಡಿ" ಎಂದ ಬಸವರಾಜ. ದೂರಲಿಲ್ಲ, ಕೊರಗಲಿಲ್ಲ, ಹವಾಮಾನ ಹೇಳಿದಂತೆ ಹೇಳಿ ಒಳಗೆ ಹೋದ. ಎಂಟು ವರ್ಷದಿಂದ ಅವನೂ ತಪ್ಪು ತನ್ನದೇ ಎಂದು ನಂಬಿದ್ದಾನೆ. ಚಿಕ್ಕಬೀರಪ್ಪ ಮಜ್ಜಿಗೆಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದರು. ಅಂದು ಸಂಜೆಯೇ ಅವರು ಬೀರೂರಿನ ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಕಾಗದ ಕೊಂಡದ್ದು. ನಾಲ್ಕು ಹಾಳಾಗಿ ಐದನೆಯದು ನಿಂತಿತು.

ಅದನ್ನು ಅಂಟಿಸುವ ಮುಂಚೆ ಗಂಗಾಧರಯ್ಯನವರಿಗೆ ಓದಿ ಹೇಳಬೇಕಿತ್ತು, ಅಂಗಡಿಯ ಮರ್ಯಾದೆ ಅವರದು. ತರೀಕೆರೆಯಿಂದ ಬಂದ ಮಾರನೆಯ ಬೆಳಿಗ್ಗೆ, ಅಂಗಡಿಯ ಬಾಗಿಲು ತೆರೆದ ಕೂಡಲೇ ಅವರು ನಿಂತುಕೊಂಡೇ ಓದುತ್ತಾರೆ.

"ಯಜಮಾನರಾದ ಸೋಮಶೇಖರಪ್ಪನವರಿಗೆ ಚಿಕ್ಕಬೀರಪ್ಪ ಮಾಡುವ ನಮಸ್ಕಾರ. ತಮ್ಮ ತಂದೆಯವರ ರಿವಾಲ್ವರ್ ಕೆಟ್ಟಿದ್ದು ಮಳೆಯಿಂದ ಅಲ್ಲ. ವಿಭೂತಿ ವರ್ಷ ಪೂರ್ತಿ ಇಡಬಹುದಾ ಎಂದು ತಾಯಿಯವರು ನನ್ನನ್ನು ಕೇಳಿದರು, ಕೆಡುವುದಿಲ್ಲ ಎಂದು ನಾನು ಹೇಳಿದೆ. ಅವರದು ತಪ್ಪಿಲ್ಲ, ಕೇಳಿಯೇ ಮಾಡಿದರು. ತುಕ್ಕು ಮೂರು ಗೆರೆಯಾಗಿತ್ತು. ತಾವು ಒಳಗೆ ಹೋದಾಗ ಮರಳು ಕಾಗದದಿಂದ ಅದನ್ನು ಅಳಿಸಿದ್ದು ನಾನು. ನಳಿಗೆಯ ಒಳಗೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಬಸವರಾಜ ಆಯುಧವನ್ನು ಚೆನ್ನಾಗಿಯೇ ನೋಡಿಕೊಂಡಿದ್ದ. ಈ ಕಾಗದವನ್ನು ತಂಗಿಯವರಿಗೂ ತೋರಿಸಬೇಕೆಂದು ಬೇಡುತ್ತೇನೆ."

ಗಂಗಾಧರಯ್ಯ ಮೂಗಿನ ತುದಿ ಉಜ್ಜಿಕೊಳ್ಳುತ್ತಾರೆ. "ಲೇ ಬೀರ, ಮರಳು ಕಾಗದದ ವಿಷಯ ಬಿಟ್ಟುಬಿಡೋ. ಅದು ಯಾರಿಗೂ ಗೊತ್ತಿಲ್ಲ."

"ಇರೋದೇ ಅದು ಅಯ್ಯನೋರೆ. ಉಳಿದಿದ್ದು ಬಾಯಿ ತಪ್ಪಿದ್ದು. ಅದು ಕೈಯಾರೆ ಮಾಡಿದ್ದು."

"ಮಂಡಿಯೋರ ಬಾಯಿ ನಿನಗೆ ಗೊತ್ತಿಲ್ಲ. ಸೋಮವಾರದ ಸಂತೆ ಹೊತ್ತಿಗೆ ಸುತ್ತಲ ಊರಿಗೆಲ್ಲ ಹರಡುತ್ತೆ."

"ಅದಕ್ಕೇ ಬಂದಿದ್ದು. ಬೇಕಾದ್ರೆ ನನ್ನ ಬಿಡಿಸ್ಬಿಡಿ. ಅಂಗಡಿ ಹೆಸರು ಉಳೀಲಿ."

"ಬಿಡಿಸಿ? ಬಿಡಿಸಿ ಯಾರನ್ನ ಕರ್ಕೊಂಡು ಬರ್ಲಿ, ಷಡಕ್ಷರೀನಾ?" ಎಂದು ಗಂಗಾಧರಯ್ಯ ಗದರುತ್ತಾರೆ. ಆಮೇಲೆ ಕಾಗದವನ್ನು ಇಸಿದುಕೊಂಡು, ತಾವೂ ಒಂದು ಸಲ ತುಟಿ ಅಲುಗಿಸುತ್ತ ಓದಿ, ಗಲ್ಲಾಪೆಟ್ಟಿಗೆಯ ಪಕ್ಕದ ಅಂಟಿನ ಬಾಟಲಿಯನ್ನು ಮುಂದಕ್ಕೆ ತಳ್ಳುತ್ತಾರೆ. "ನೆಟ್ಟಗೆ ಅಂಟಿಸು. ದಾರೀಲಿ ಬಿಚ್ಕೊಂಡೀತು."

ಇದು ಅಚ್ಚಾಗಲು ಚಿಕ್ಕಬೀರಪ್ಪ ಹಾಕಿರುವ ಇನ್ನೊಂದು ಷರತ್ತಿದೆ. ಕಾಗದ ಮೊದಲು ಅಜ್ಜಂಪುರಕ್ಕೆ ಮುಟ್ಟಬೇಕು, ಪೇಪರು ಆಮೇಲೆ. ತಮಗೇನಾದೀತು ಎಂಬುದನ್ನು ಅವರು ಈಗ ಲೆಕ್ಕಕ್ಕಿಟ್ಟಂತಿಲ್ಲ. "ಮುಂದಿನ ಸಲ ಆ ಜಗಲೀಲಿ ಕೂರಿಸ್ತಾರೋ, ಅಂಗಳದಲ್ಲೇ ನಿಲ್ಲಿಸ್ತಾರೋ, ಅದು ಅವರಿಷ್ಟ. ಕಾರ್ತಿಕಕ್ಕೆ ಪಂಚನಹಳ್ಳಿಗೆ ಒಂದು ಕರೆ ಹೋದ್ರೆ ಸಾಕು ನಂಗೆ" ಎನ್ನುತ್ತಾರೆ.

ಬೀರೂರು ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ನಿಂತಿದೆ. ಚಿಕ್ಕಬೀರಪ್ಪ ಟಪಾಲು ಬೋಗಿಯ ಹತ್ತಿರ ಬಂದು, ವಿಳಾಸವನ್ನು ಇನ್ನೊಮ್ಮೆ ಬೆರಳಿಟ್ಟು ಓದುತ್ತಾರೆ. ಕಿಟಕಿಯಲ್ಲಿ ಕಾಗದ ವಿಂಗಡಿಸುತ್ತ ಕೂತವನು ತಲೆ ಹೊರಗೆ ಹಾಕುತ್ತಾನೆ.

"ಯಾವೂರಿಗೆ?"

"ಅಜ್ಜಂಪುರ."

"ಇಲ್ಲೇ ಮುಂದೆ ಅಲ್ವಾ ಯಜಮಾನ್ರೇ. ಹತ್ತಿ ಕೂತ್ರೆ ನೀವೇ ಕೈಗೆ ಕೊಟ್ಟು ಬರಬಹುದು."

"ಎಂಟು ವರ್ಷ ಹಂಗೇ ಹೋಗಿ ಬಂದೆ ಕಣಪ್ಪ" ಎನ್ನುತ್ತ ಚಿಕ್ಕಬೀರಪ್ಪ ಕಾಗದವನ್ನು ಬೋಗಿಯ ಡಬ್ಬಿಯೊಳಗೆ ಬಿಡುತ್ತಾರೆ.